ವಾರ ಹೇಳುತ್ತಿದ್ದ ಹನುಮಕ್ಕ

ಹೊಳವನಹಳ್ಳಿಯಲ್ಲಿ ಯಾರಿಗೆ ಕಷ್ಟ ಬಂದರೂ ಡಾಕ್ಟರ ಹತ್ತಿರ ಹೋಗುವ ಮುಂಚೆಯೋ, ಹೋಗಿ ಬಂದು ಬೇಸತ್ತ ಮೇಲೆಯೋ, ಒಂದು ಸಲ ಹನುಮಕ್ಕನ ಜಗಲಿಯ ಮೇಲೆ ಕುಳಿತು ಏಳುವುದು ವಾಡಿಕೆಯಾಗಿತ್ತು. ಹನುಮಕ್ಕ ಹೂ ಕಟ್ಟುವವಳು. ಮುಂಜಾನೆಯ ಬಸ್ಸಿಗೆ ಕೊರಟಗೆರೆಯಿಂದ ಸೇವಂತಿಗೆಯ ಮೂಟೆ ಬರುತ್ತಿತ್ತು. ಅದನ್ನು ಒದ್ದೆ ಗೋಣಿಯ ಮೇಲೆ ಸುರಿದುಕೊಂಡು ಕುಳಿತರೆ ಮಧ್ಯಾಹ್ನದವರೆಗೆ ಬೆರಳು ನಿಲ್ಲುತ್ತಿರಲಿಲ್ಲ. ಆಂಜನೇಯನ ಗುಡಿಯ ಹಾರ ಅವಳದೇ. ಬಂದವರು ಹೇಳುವುದನ್ನೆಲ್ಲ ಅವಳು ಕೊನೆಯವರೆಗೆ ಕೇಳುತ್ತಿದ್ದಳು. ನಡುವೆ ಬಾಯಿ ಹಾಕುತ್ತಿರಲಿಲ್ಲ. ಸೊಸೆಗೆ ಬಸಿರು ನಿಲ್ಲುತ್ತಿಲ್ಲ, ಗಂಡ ಕುಡಿಯುತ್ತಾನೆ, ಮಗ ಎಸ್ಸೆಸ್ಸೆಲ್ಸಿಯಲ್ಲಿ ಮತ್ತೆ ಮತ್ತೆ ಕೂರುತ್ತಿದ್ದಾನೆ, ಎಲ್ಲವನ್ನೂ ಕೇಳಿ ಮುಗಿದ ಮೇಲೆ ನಾರು ಎಳೆದು ಗಂಟು ಹಾಕಿ ಹೇಳುತ್ತಿದ್ದಳು: "ಮಂಗ್ಳಾರ ಮಾಡು. ಒಪ್ಪತ್ತು ಇರು. ಮಾರಮ್ಮ ಕಣ್ ಬುಡ್ತಾಳೆ."

ವಾರ ಮಾಡುವುದು ಆ ಕಡೆಯ ಹೆಂಗಸರಿಗೆ ಹೊಸದಲ್ಲ. ಹೆಸರಿಟ್ಟುಕೊಂಡ ದೇವರ ದಿನ ತಲೆಗೆ ನೀರು ಹಾಕಿಕೊಂಡು, ಒಲೆ ಸಾರಿಸಿ, ಮಡಿಯಲ್ಲಿ ತಾವೇ ಬೇಯಿಸಿಕೊಂಡು, ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಒಂದೇ ಹೊತ್ತು ಉಣ್ಣುವುದು. ಯಾವ ಕಷ್ಟಕ್ಕೆ ಯಾವ ವಾರ ಎಂದು ಹೇಳುವ ವಿದ್ಯೆಯನ್ನು ಹನುಮಕ್ಕನಿಗೆ ಯಾರೂ ಕಲಿಸಿರಲಿಲ್ಲ. ಶಿರಾ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯ ಬಾಯಿಂದ ಕೇಳಿದ್ದು, ಮಗಳು ಶಾಲೆಗೆ ಹೋಗುವಾಗ ಅವಳ ಜೊತೆ ಅಕ್ಷರ ಕಲಿತು ಪಂಚಾಂಗದಲ್ಲಿ ಓದಿಕೊಂಡದ್ದು, ಅಷ್ಟೇ. ಗಂಡ ಸಂಜೀವಯ್ಯ ಮಧುಗಿರಿ ಮಾರ್ಗದ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿ ದುಡಿದು ಮನೆಯಲ್ಲಿ ಕುಳಿತವನು. ಹೆಂಡತಿಯನ್ನು ರೇಗಿಸದೆ ಅವನಿಗೆ ಕಾಫಿ ಇಳಿಯುತ್ತಿರಲಿಲ್ಲ.

"ಲೇ, ಏಳು ದಿನಾನೂ ಒಬ್ಬೊಬ್ಬ ದೇವ್ರಿಗೆ ಹಂಚ್ಬುಟ್ಟೆಯಲ್ಲ. ನಂಗೊಂದು ಭಾನ್ವಾರ ಉಳ್ಸೆ, ಬಾಡು ತಿಂದ್ಕತೀನಿ."

"ನಿಮ್ಮ ನಾಲ್ಗೆಗೇ ಒಂದು ವಾರ ಹಿಡಿಸ್ಬೇಕು, ಸುಮ್ಕಿರಿ."

ಈ ಜಗಲಿಗೆ ಒಂದು ದಿನ ಶರಣ್ಯಾ ಬಂದಳು. ಒಂಬತ್ತನೇ ತರಗತಿಯ ಹುಡುಗಿ, ಎರಡು ಜಡೆ, ಮಂಡಿಯಿಂದ ಮೇಲೇರಿದ ಹಳೆಯ ಯೂನಿಫಾರ್ಮು. ಗುಡಿಯ ಹಿಂದಿನ ಬೀದಿಯ ರಂಗೇಶನ ಮಗಳು. ರಂಗೇಶ ಪಾವಗಡದ ಕಡೆ ರಾಯಚರ್ಲುವಿನ ಸೋಲಾರ್ ಬಯಲಿನಲ್ಲಿ ರಾತ್ರಿ ಕಾವಲಿಗೆ ಸೇರಿ ಒಂದು ವರ್ಷವಾಗಿತ್ತು. ಮೊದಮೊದಲು ವಾರಕ್ಕೊಮ್ಮೆ ಬರುತ್ತಿದ್ದವನು ಆಮೇಲೆ ವೈ.ಎನ್.ಹೊಸಕೋಟೆಯಲ್ಲಿ ಒಬ್ಬಳ ಜೊತೆ ಮನೆ ಮಾಡಿಕೊಂಡನೆಂಬ ಸುದ್ದಿ ಬಂತು. ಸುದ್ದಿ ಬಂದ ತಿಂಗಳಲ್ಲೇ ಹೆಂಡತಿ ಆಶಾರಾಣಿ ಸಣ್ಣ ಮಗನನ್ನು ಸೊಂಟಕ್ಕೆ ಹಾಕಿಕೊಂಡು ಶಿರಾದ ತವರಿಗೆ ಹೋದಳು. ಮಗಳನ್ನು ಕರೆದೊಯ್ಯಲಿಲ್ಲ. ದೊಡ್ಡವಳು, ಶಾಲೆ ಇದೆ, ಪಕ್ಕದಲ್ಲೇ ದೊಡ್ಡಪ್ಪ ಇದ್ದಾನೆ, ನೋಡಿಕೊಳ್ಳುತ್ತಾನೆ ಎಂದಳಂತೆ. ಊರಿಗೂ ಅದು ಸರಿಯಾಗಿಯೇ ಕಂಡಿತು.

ಹುಡುಗಿ ಉದುರಿದ ಹೂವನ್ನು ಆಯ್ದು ಒಂದೊಂದಾಗಿ ಗೋಣಿಯ ಮೇಲೆ ಇಟ್ಟಳು. ಕೊನೆಗೆ ಕೇಳಿದಳು: "ಅಜ್ಜಿ, ಹೋದೋರು ವಾಪಸ್ ಬರಾಕೆ ಯಾವ ವಾರ ಮಾಡ್ಬೇಕು?"

"ಯಾರವ್ವ ಹೋದೋರು?"

"ನಮ್ಮಪ್ಪ."

ಹನುಮಕ್ಕ ಕಟ್ಟುತ್ತಿದ್ದ ಹಾರ ಕೆಳಗಿಟ್ಟಳು. "ಶನ್ವಾರ ಮಾಡು ಕಣವ್ವ. ಒಪ್ಪತ್ತು ಇರು. ಆಂಜನೇಯ ಸಮುದ್ರ ದಾಟಿ ಹುಡ್ಕೊಂಡ್ ಬಂದೋನು, ಪಾವಗಡ ಯಾವ ಮಾತು."

ಹುಡುಗಿ ನಕ್ಕಳು. ಅವಳ ನಗು ಚೆನ್ನಾಗಿತ್ತು.

ಶನಿವಾರಗಳು ಕಳೆದವು. ರಂಗೇಶ ಬರಲಿಲ್ಲ. ಆದರೆ ಹುಡುಗಿ ಬಿಡಲಿಲ್ಲ. ಗುಡಿಗೆ ಬಂದು ಕಸ ಗುಡಿಸಿ, ತೀರ್ಥ ತೆಗೆದುಕೊಂಡು, ಹನುಮಕ್ಕನ ಪಕ್ಕ ಕುಳಿತು ಹೂ ಜೋಡಿಸಿಕೊಡುತ್ತಿದ್ದಳು. ಒಂದು ಸೋಮವಾರ ಹನುಮಕ್ಕ ತಟ್ಟೆಯಲ್ಲಿ ಉಪ್ಪಿಟ್ಟು ಕೊಟ್ಟಾಗ ಬೇಡವೆಂದಳು. "ಸೋಮ್ವಾರನೂ ಹಿಡಿದಿದೀನಿ ಅಜ್ಜಿ." ಆಮೇಲೆ ಮಂಗಳವಾರ ಸೇರಿತು. ಆಮೇಲೆ ಗುರುವಾರ, ಶುಕ್ರವಾರ. ಬುಧವಾರ ಯಾರದೇ ಎಂದರೆ ವಿಠಲನದು ಎಂದಳು. ಭಾನುವಾರ ಊರೆಲ್ಲ ಬಾಡಿನ ವಾಸನೆ ಏಳುವಾಗ, ಸೂರ್ಯನಾರಾಯಣನದು ಎಂದಳು.

ಏಳೂ ವಾರ! ಹನುಮಕ್ಕನಿಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ನೂರಾರು ಜನಕ್ಕೆ ವಾರ ಹೇಳಿದ್ದಳು. ಎಲ್ಲರೂ ಕೆಲಸ ಆಗುವವರೆಗೆ ಮಾಡಿ ಬಿಟ್ಟವರೇ. ತನ್ನ ಮಾತು ಹೀಗೆ ಬೇರೂರಿದ್ದು ಇದೊಂದೇ ಜೀವದಲ್ಲಿ ಎನ್ನಿಸಿತು. ಜಗಲಿಗೆ ಬಂದವರಿಗೆಲ್ಲ ಹೇಳಿದಳು. ಹುಡುಗಿ ಸೊರಗಿದ್ದನ್ನು ಕಂಡವರು, "ಮೊಕದಾಗೆ ಕಳೆ ಹೆಂಗೈತೆ ನೋಡು, ಎಲ್ಲಾ ವಾರದ ಮಹಿಮೆ" ಎಂದರು. ತಾಯಂದಿರು ಮನೆಯಲ್ಲಿ ಮೊಬೈಲು ಹಿಡಿದು ಕುಳಿತ ಮಕ್ಕಳನ್ನು ಬೈಯಲು ಅವಳ ಹೆಸರು ಹೇಳಿದರು. ಭಜನೆಯಲ್ಲಿ ಅವಳಿಗೆ ಮುಂದಿನ ಸಾಲು ಸಿಕ್ಕಿತು. ಮಂಗಳಾರತಿಯ ತಟ್ಟೆ ಮೊದಲು ಅವಳ ಮುಂದೆ ನಿಲ್ಲುತ್ತಿತ್ತು. ಅಪ್ಪ ಅಮ್ಮ ಇಬ್ಬರಿಗೂ ಬೇಡವಾದ ಹುಡುಗಿ ಗುಡಿಯಲ್ಲಿ ಎಲ್ಲರಿಗೂ ಬೇಕಾದವಳಾದಳು. ಅವಳು ತಲೆ ಎತ್ತಿ ನಡೆಯಲು ಕಲಿತದ್ದು ಆಗಲೇ.

ಸಂಜೀವಯ್ಯ ಮಾತ್ರ ಒಮ್ಮೆ ಕೇಳಿದ್ದ, "ಅಲ್ಲ ಕಣೆ, ಬೆಳಿಯೋ ಮಗು. ಏಳು ದಿನಾನೂ ಒಪ್ಪತ್ತು ಅಂದ್ರೆ ಹೆಂಗೆ?"

"ನಿಮ್ಗೇನು ಗೊತ್ತು ಭಕ್ತಿ ಅಂದ್ರೆ," ಎಂದು ಹನುಮಕ್ಕ ಅವನ ಬಾಯಿ ಮುಚ್ಚಿಸಿದಳು.

ದಸರಾ ರಜೆ ಶುರುವಾಯಿತು. ಪಿತೃಪಕ್ಷದ ಅಮಾವಾಸ್ಯೆ ಭಾನುವಾರ ಬಂತು. ಊರಿನ ಮನೆಮನೆಯಲ್ಲೂ ಸತ್ತ ಹಿರಿಯರಿಗೆ ಎಡೆ ಇಟ್ಟರು. ಮಾರನೇ ದಿನ ಬೆಳಕು ಹರಿಯುವಾಗ ಹನುಮಕ್ಕ ಹೂವಿನ ಮೂಟೆ ತರಲು ಬಸ್‌ಸ್ಟಾಂಡಿನ ಕಡೆ ಹೊರಟಿದ್ದಳು. ಮುಕ್ಕೂಟದಲ್ಲಿ, ಅಂದರೆ ಮೂರು ದಾರಿ ಸೇರುವ ಕಡೆ, ಅಮಾವಾಸ್ಯೆಯ ರಾತ್ರಿ ದೃಷ್ಟಿ ತೆಗೆದು ಎಸೆದದ್ದೆಲ್ಲ ಬಿದ್ದಿತ್ತು. ಒಡೆದ ಬೂದಗುಂಬಳ, ಕುಂಕುಮ ಸವರಿದ ನಿಂಬೆಹಣ್ಣು, ತೆಂಗಿನಹೋಳು. ಯಾರದೋ ಮನೆಯ ರೋಗ, ಯಾರದೋ ಮೇಲಿನ ಗಾಳಿ ಅದರಲ್ಲಿ ಇಳಿದಿರುತ್ತದೆ. ಊರಿನ ಪುಂಡ ಹುಡುಗರೂ ಅದನ್ನು ದಾಟುವುದಿಲ್ಲ, ಬಳಸಿ ಹೋಗುತ್ತಾರೆ.

ಅಲ್ಲಿ ಶರಣ್ಯಾ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಕೈಯಲ್ಲಿ ತೆಂಗಿನ ಹೋಳಿತ್ತು. ವೇಲಿನ ತುದಿಯಿಂದ ಅದರ ಕುಂಕುಮ ಉಜ್ಜುತ್ತಿದ್ದಳು.

"ಲೇ! ಮುಟ್ಬ್ಯಾಡ ಅದ್ನ!" ಹನುಮಕ್ಕ ಕಿರುಚಿದಳು. ಮೊದಲು ಬಾಯಿಗೆ ಬಂದದ್ದು ಅದೇ. ಹುಡುಗಿಗೆ ಗಾಳಿ ಮೆಟ್ಟಿಕೊಂಡೀತು ಎಂಬ ಹೆದರಿಕೆ ಬಿಟ್ಟು ಬೇರೇನೂ ಅವಳ ತಲೆಗೆ ಹೊಳೆಯಲಿಲ್ಲ.

ಹುಡುಗಿ ದಡಕ್ಕನೆ ಎದ್ದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಅವಳ ಕೆನ್ನೆ ಒಂದು ಕಡೆ ಉಬ್ಬಿತ್ತು. ಅಗಿಯುತ್ತಿದ್ದವಳು ಅಗಿಯುವುದನ್ನು ನಿಲ್ಲಿಸಿದ್ದಳು. ತುಟಿಯ ಅಂಚಿನಲ್ಲಿ ಕುಂಕುಮ ಹತ್ತಿತ್ತು.

ಹನುಮಕ್ಕ ಹತ್ತಿರ ಹೋದಳು. ಮುಕ್ಕೂಟವನ್ನು ತುಳಿದದ್ದು ಅವಳ ಗಮನಕ್ಕೇ ಬರಲಿಲ್ಲ.

"ನುಂಗು," ಎಂದಳು. "ಮೊದ್ಲು ಬಾಯಾಗಿರೋದು ನುಂಗು."

ಹುಡುಗಿ ನುಂಗಿದಳು. ಒಣಗಿದ ಗಂಟಲಲ್ಲಿ ಅದು ಇಳಿಯಲು ಹೊತ್ತು ಹಿಡಿಯಿತು.

ಹೂವಿನ ಮೂಟೆ ಬಸ್ಸಿನಲ್ಲೇ ಉಳಿಯಿತು. ಹನುಮಕ್ಕ ಅವಳ ಹಿಂದೆಯೇ ಅವಳ ಮನೆಗೆ ಹೋದಳು. ಮನೆಯೆಂದರೆ ಅಣ್ಣ ತಮ್ಮ ಭಾಗವಾದಾಗ ರಂಗೇಶನ ಪಾಲಿಗೆ ಬಂದ ಹಿಂದಿನ ಕೋಣೆ. ಇಷ್ಟು ತಿಂಗಳು ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ ಹನುಮಕ್ಕ ಒಂದು ದಿನವೂ ಇಲ್ಲಿಗೆ ಬಂದಿರಲಿಲ್ಲ. ಗೋಡೆಯ ಮೇಲೆ ದೇವರ ಕ್ಯಾಲೆಂಡರು, ಕೆಳಗೆ ಮಡಿಚಿಟ್ಟ ಕಂಬಳಿ, ಒಪ್ಪವಾಗಿ ಜೋಡಿಸಿದ ಪುಸ್ತಕ. ಸ್ಟವ್ ಮೇಲೆ ಬೆರಳಲ್ಲಿ ಬರೆಯಬಹುದಾದಷ್ಟು ಧೂಳಿತ್ತು. ಪೈಪು ನೇತಾಡುತ್ತಿತ್ತು.

"ಸಿಲಿಂಡರು?"

"ಅಪ್ಪ ಹೊಸಕೋಟೆಗೆ ತಗಂಡೋದ್ರು. ಇನ್ನೊಂದು ತತ್ತೀನಿ ಅಂದಿದ್ರು."

"ರೇಷನ್ನು?"

"ಕಾರ್ಡು ಅಪ್ಪನ ತಾವ್ಲೇ ಐತೆ."

ಹನುಮಕ್ಕ ಸ್ಟವ್ ಮೇಲಿನ ಧೂಳನ್ನು ಬೆರಳಲ್ಲಿ ಒರೆಸಿದಳು. ಒಪ್ಪತ್ತೆಂದರೆ ಒಂದು ಹೊತ್ತು ಉಣ್ಣಲೇಬೇಕು. ಮಡಿಯಲ್ಲಿ ಬೇಯಿಸಿಕೊಂಡು, ದೇವರಿಗೆ ತೋರಿಸಿ, ಕುಳಿತು ಉಣ್ಣಬೇಕು. ಇದನ್ನು ಊರಿಗೆಲ್ಲ ಹೇಳಿಕೊಟ್ಟವಳು ತಾನು. ಏಳೂ ವಾರದ ಒಪ್ಪತ್ತನ್ನು ಈ ಹುಡುಗಿ ಯಾವ ಒಲೆಯ ಮೇಲೆ ಬೇಯಿಸುತ್ತಾಳೆ ಎಂದು ತನಗೆ ಒಮ್ಮೆಯೂ ಕೇಳಬೇಕೆನ್ನಿಸಿರಲಿಲ್ಲ.

"ಇಷ್ಟು ದಿವ್ಸ ಏನ್ ತಿಂತಿದ್ದೆ?"

"ಸ್ಕೂಲಲ್ಲಿ ಬಿಸಿಯೂಟ." ಹುಡುಗಿ ನೆಲ ನೋಡುತ್ತ ಹೇಳಿದಳು. "ಈಗ ರಜ."

"ದೊಡ್ಡಪ್ಪನ ಮನೇಲಿ ಕೇಳ್ಬಾರ್ದಾಗಿತ್ತಾ?"

"ಎರಡು ಸಲ ಹೋದೆ. ದೊಡ್ಡಮ್ಮ ಇಕ್ಕಿದ್ರು. ಮೂರನೇ ಸಲ ಹೋದಾಗ, ನಿಮ್ಮಪ್ಪನ ಫೋನ್ ನಂಬ್ರ ಐತೇನಮ್ಮ ಅಂತ ಕೇಳಿದ್ರು. ಆಮ್ಯಾಕೆ ಕರದ್ರೂ ವಾರ ಅಂತಿದ್ದೆ."

ಮನೆಗೆ ಕರೆತಂದು ಮುದ್ದೆ, ಉಪ್ಸಾರು ಬಡಿಸಿದಾಗ ಹುಡುಗಿ ತಟ್ಟೆ ಮುಟ್ಟಲಿಲ್ಲ. ಸೋಮವಾರ ಅಜ್ಜಿ, ಬೆಳ್ಳುಳ್ಳಿ ಆಗಲ್ಲ ಎಂದಳು. ಅದು ನೆಪವಾಗಿರಲಿಲ್ಲ. ಇಷ್ಟು ದಿನ ಹೇಳಿ ಹೇಳಿ ಅವಳಿಗೂ ಅದು ನಿಜವಾಗಿತ್ತು, ಮುರಿದರೆ ಅಪ್ಪನಿಗೇನಾದರೂ ಆದೀತೆಂದು ಹೆದರಿದ್ದಳು. ಹನುಮಕ್ಕ ದೇವರ ಗೂಡಿನ ಮುಂದೆ ಅರಿಶಿನದ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿಟ್ಟು ಕೈ ಮುಗಿದಳು. "ಈ ಮಗೀಗೆ ವಾರ ಹಿಡಿಸ್ದೋಳು ನಾನು. ಇವತ್ತು ನಾನೇ ಬುಡಿಸ್ತಾ ಇದೀನಿ. ತಪ್ಪಾಗಿದ್ರೆ ನನ್ನ ಕೇಳಪ್ಪ, ಅವಳ ಕೇಳ್ಬ್ಯಾಡ." ಆಗ ಹುಡುಗಿ ಉಂಡಳು. ಸಂಜೀವಯ್ಯ ಹೊರಗೆ ಜಗಲಿಯ ಮೇಲೆ ಕುಳಿತು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದಿದ್ದ. ಅಂದು ಅವನು ಯಾರನ್ನೂ ರೇಗಿಸಲಿಲ್ಲ.

ಮೂರು ಹೊತ್ತೂ ಇಲ್ಲೇ ಉಣ್ಣಬೇಕೆಂದು ಹುಡುಗಿಗೆ ಕಟ್ಟಪ್ಪಣೆಯಾಯಿತು. ಹುಡುಗಿ ಒಂದೇ ಒಂದು ಮಾತು ಕೇಳಿಕೊಂಡಳು: "ಯಾರಿಗೂ ಹೇಳ್ಬ್ಯಾಡಿ ಅಜ್ಜಿ. ನಾನು ವಾರ ಬಿಟ್ಟೆ ಅಂತ ಯಾರಿಗೂ ಗೊತ್ತಾಗದು ಬ್ಯಾಡ." ಹನುಮಕ್ಕ ಆಯಿತು ಎಂದಳು.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಹನುಮಕ್ಕನಿಗೆ ತಡೆಯಲಾಗಲಿಲ್ಲ. ಹುಡುಗಿಯ ದೊಡ್ಡಪ್ಪ ನರಸಿಂಹರಾಜು ಗುಡಿಯ ಕಮಿಟಿಯಲ್ಲಿ ಇದ್ದವನು, ಹಬ್ಬದ ಅನ್ನದಾನಕ್ಕೆಲ್ಲ ಮುಂದೆ ನಿಲ್ಲುವವನು. ಅವನ ಮನೆಗೆ ಹೋಗಿ ಮೆಲ್ಲಗೆ ಮಾತು ತೆಗೆದಳು. ಅವನು ಸಿಟ್ಟಾಗಲಿಲ್ಲ. ಕುರ್ಚಿ ಹಾಕಿಸಿದ, ಕಾಫಿ ತರಿಸಿದ.

"ಅಕ್ಕ, ಒಲೆ ಬ್ಯಾರೆ ಆದ್ಮೇಲೆ ಅವ್ರ ಮನೆ ಅವ್ರುದು. ಅವರಪ್ಪ ಬದುಕವ್ನೆ, ಅವ್ವ ಬದುಕವ್ಳೆ. ನಾನು ನಡುವೆ ಕೈ ಹಾಕಿದ್ರೆ ನಾಳೆ ಆ ಕೋಣೆ ಮೇಲೆ ಕಣ್ಣು ಹಾಕ್ದ ಅಂತಾರೆ. ಆಮೇಲೆ, ಅವಳೇನು ಕೂಸಾ? ಕೇಳಿದ್ರೆ ಇಕ್ತೀವಿ. ವಾರ ಅಂತಾಳೆ." ಕಾಫಿ ಲೋಟ ಕೆಳಗಿಟ್ಟು ನಕ್ಕ. "ಹಿಡಿಸ್ದೋರು ನೀವೇ ಅಲ್ವಾ?"

ಹನುಮಕ್ಕ ಕಾಫಿ ಮುಗಿಸದೆ ಎದ್ದು ಬಂದಳು. ಹೂ ಕಟ್ಟುವಾಗಲೂ ಆ ಮಾತೇ ಕಿವಿಯಲ್ಲಿತ್ತು.

ನವರಾತ್ರಿಯ ಶನಿವಾರ ಗುಡಿಯಲ್ಲಿ ಅನ್ನದಾನ. ಪೆಂಡಾಲಿನ ಕೆಳಗೆ ಊರು ಸಾಲಾಗಿ ಕುಳಿತಿತ್ತು. ಶರಣ್ಯಾ ಜಗ್ಗು ಹಿಡಿದು ನೀರು ಬಡಿಸುತ್ತಿದ್ದಳು. ಒಂದು ವಾರದ ಊಟಕ್ಕೆ ಅವಳ ಮುಖಕ್ಕೆ ಸ್ವಲ್ಪ ಗೆಲುವು ಬಂದಿತ್ತು. ನರಸಿಂಹರಾಜು ಪಾಯಸದ ಬಕೆಟ್ಟು ಹಿಡಿದು ಬಂದವನು, ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದ: "ಎಲ್ರಿಗೂ ಇಕ್ಕಿ! ನಮ್ಮ ಹುಡ್ಗಿಗೊಂದು ಬ್ಯಾಡ. ಅವ್ಳು ಏಳೂ ವಾರದೋಳು, ಗಾಳಿ ಕುಡ್ಕೊಂಡೇ ಇರ್ತಾಳೆ. ಹನುಮಕ್ಕನ ಶಿಷ್ಯೆ ಅಲ್ವಾ!"

ಸಾಲು ನಕ್ಕಿತು. ಕೆಟ್ಟ ನಗುವೇನಲ್ಲ, ಅಕ್ಕರೆಯದೇ. ಹುಡುಗಿಯೂ ನಕ್ಕಳು.

ಹನುಮಕ್ಕ ಎದ್ದು ನಿಂತಳು. "ಗಾಳಿ ಕುಡ್ಕೊಂಡಲ್ಲ ಕಣಪ್ಪ. ನಿನ್ನ ತಮ್ಮನ ಮಗ್ಳು ಮುಕ್ಕೂಟದ ದೃಷ್ಟಿಕಾಯಿ ತಿಂದ್ಕೊಂಡವ್ಳೆ. ನೀನು ಸತ್ತೋರಿಗೆ ಎಡೆ ಇಕ್ಕಿದ್ದೆಯಲ್ಲ, ಅದರ ಮಾರ್ನೇ ದಿವ್ಸ. ಕುಂಕುಮ ಉಜ್ಜಿ ತಿಂತಿದ್ಲು. ನನ್ನ ಕಣ್ಣಾರೆ ನೋಡಿದೀನಿ. ಊರಿಗೆಲ್ಲ ಪಾಯ್ಸ ಇಕ್ತೀಯ, ನಾಚ್ಕೆ ಆಗಲ್ವಾ?"

ನಾಚಿಕೆ ನರಸಿಂಹರಾಜುವಿಗೆ ಆಗಲಿ ಎಂದು ಆಡಿದ ಮಾತು ಅದು. ಆದರೆ ಅವನ ಕಡೆ ಯಾರೂ ತಿರುಗಲಿಲ್ಲ. ಎಲ್ಲರ ಕಣ್ಣು ಹುಡುಗಿಯ ಕೈಯ ಜಗ್ಗಿನ ಮೇಲೆ ಹೋಯಿತು. ಆಮೇಲೆ ತಮ್ಮ ಮುಂದಿನ ಲೋಟದ ಮೇಲೆ. ಒಬ್ಬಳು ತನ್ನ ಲೋಟವನ್ನು ಮೆಲ್ಲಗೆ ಮಗುಚಿದಳು. ಇನ್ನೊಬ್ಬಳು ಪಕ್ಕದ ಮಗುವಿನ ಕೈಯಿಂದ ಲೋಟ ಕಿತ್ತುಕೊಂಡಳು.

"ಅಯ್ಯೋ, ಯಾರ ಮನೆ ಪೀಡೆಯೋ ಏನೋ."

"ದಿನಾ ಮುಂದ್ಗಡೆ ಸಾಲಲ್ಲಿ ಕೂತ್ಕತಿದ್ಲಲ್ಲೇ."

"ದೇವ್ರಿಗೇ ಟೋಪಿ ಹಾಕ್ಬುಟ್ಲು ನೋಡು. ವಾರ ಅಂತೆ, ವಾರ!"

ಶರಣ್ಯಾ ಜಗ್ಗನ್ನು ಜಾಗ್ರತೆಯಾಗಿ ಕೆಳಗಿಟ್ಟಳು. ಒಂದು ಹನಿ ಚೆಲ್ಲಲಿಲ್ಲ. ಹನುಮಕ್ಕನ ಮುಖವನ್ನು ಒಮ್ಮೆ ನೋಡಿ, ಸಾಲಿನ ನಡುವೆ ನಡೆದು ಹೋದಳು. ಅವಳು ಬರುತ್ತಿದ್ದಂತೆ ಹೆಂಗಸರು ಸೆರಗು ಎಳೆದುಕೊಂಡು ದಾರಿ ಬಿಟ್ಟರು.

ಅಂದು ಸಂಜೆ ಹನುಮಕ್ಕ ಅನ್ನದ ಡಬ್ಬ ಹಿಡಿದು ಹೋದರೆ ಕೋಣೆಯ ಬಾಗಿಲು ತೆಗೆಯಲಿಲ್ಲ. ಮಾರನೇ ದಿನವೂ ತೆಗೆಯಲಿಲ್ಲ. ಹೊಸಿಲ ಮೇಲಿಟ್ಟ ಡಬ್ಬ ಇಟ್ಟಂತೆಯೇ ಇತ್ತು. "ಶರಣ್ಯಾ, ಬಾಗ್ಲು ತೆಗಿಯವ್ವ. ತಪ್ಪಾಯ್ತು," ಎಂದು ಗೋಗರೆದಳು. ಒಳಗಿಂದ ಒಂದೇ ಮಾತು ಬಂತು: "ಹೇಳಲ್ಲ ಅಂದಿದ್ರಿ."

ಸಂಜೀವಯ್ಯ ಅವತ್ತು ಹೆಂಡತಿಗೆ ಬೈದ. "ಬಾಯಿ ಮುಚ್ಕೊಂಡು ಅನ್ನ ಇಕ್ಕಿದ್ರೆ ಸಾಕಾಗಿತ್ತು. ಅವ್ಳಿಗಿದ್ದಿದ್ದೇ ಅದೊಂದು ಮರ್ವಾದೆ. ಅದ್ನೂ ಕಿತ್ಕೊಂಡೆ." ಬೈದವನೇ ಶಾಲೆಯ ಗೋಡೆಯ ಮೇಲೆ ಬರೆದಿದ್ದ ಮಕ್ಕಳ ಸಹಾಯವಾಣಿಯ ನಂಬರಿಗೆ ಫೋನು ಮಾಡಿದ. ದಿನಾ ಅದೇ ಗೋಡೆಯ ಮುಂದೆ ಎಷ್ಟೋ ಜನ ಓಡಾಡುತ್ತಿದ್ದರು. ಆ ನಂಬರು ತಮ್ಮ ಊರಿನ ಮಗುವಿಗೂ ಬರೆದದ್ದೆಂದು ಯಾರಿಗೂ ಅನ್ನಿಸಿರಲಿಲ್ಲ, ಅವನಿಗೂ.

ಇಬ್ಬರು ಹೆಂಗಸರು ಜೀಪಿನಲ್ಲಿ ಬಂದರು. ಅವರು ಮೊದಲು ಬಾಗಿಲಾಚೆ ಕುಳಿತು ಹುಡುಗಿಯೊಂದಿಗೆ ಮಾತಾಡಿದರು, ಬಾಗಿಲು ತೆಗೆಸಿದರು, ಆಮೇಲೆ ಊರನ್ನು ಕೇಳಿದರು. ರಂಗೇಶನಿಗೆ ಫೋನು ಹೋಯಿತು. ಸ್ಪೀಕರಿನಲ್ಲಿ ಅವನ ದನಿ ಎಲ್ಲರಿಗೂ ಕೇಳಿಸಿತು. "ನಮ್ಮಣ್ಣ ಪಕ್ಕದಾಗೇ ಅವ್ನಲ್ಲ ಮೇಡಂ. ಅವ್ಳಿಗೇನಾಗೈತೆ? ದೊಡ್ಡೋಳಾದ್ಲು, ಬಾಯಿಗಿಕ್ಬೇಕಾ?" ಹಿಂದೆ ಯಾರೋ ತೆಲುಗಿನಲ್ಲಿ ಊಟಕ್ಕೆ ಕರೆಯುತ್ತಿದ್ದರು. ಶಿರಾಕ್ಕೆ ಫೋನು ಮಾಡಿದಾಗ ಆಶಾರಾಣಿ ಅತ್ತಳು. ಬಾ ಎಂದು ಮಾತ್ರ ಹೇಳಲಿಲ್ಲ. "ಚಿಕ್ಕೋನಿಗೆ ನಾನಿಲ್ದೆ ಆಗಲ್ಲ ಮೇಡಂ. ಅವ್ಳು ಗಟ್ಟಿಗಿತ್ತಿ." ನಮ್ಮ ಮನೆಯಲ್ಲಿರಲಿ ಎಂದು ಹನುಮಕ್ಕ ಮುಂದೆ ಬಂದಾಗ, ಬಂದ ಹೆಂಗಸರು ಹುಡುಗಿಯನ್ನು ಕೇಳಿದರು. ಹುಡುಗಿ ತಲೆ ಅಲ್ಲಾಡಿಸಿದಳು. ಈ ಊರು ಬೇಡ ಎಂದಳು.

ಮಧುಗಿರಿಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಜಾಗವಾಯಿತು, ಅಲ್ಲಿಯೇ ಶಾಲೆಯೂ ಆಯಿತು. ಊರಿನಲ್ಲಿ ಅನ್ನದಾನ ಮೊದಲಿನಂತೆಯೇ ನಡೆಯಿತು. ಗುಡಿಯ ಹಾರವನ್ನು ಕಮಿಟಿಯವರು ಬೇರೆಯವರಿಗೆ ವಹಿಸಿದರು, ಕಾರಣ ಹೇಳಲಿಲ್ಲ. ಹನುಮಕ್ಕ ಕೇಳಲೂ ಇಲ್ಲ. ಬೆಳಗೆದ್ದು ದೀಪ ಹಚ್ಚುವುದನ್ನು ಅವಳು ಬಿಡಲಿಲ್ಲ. ಆದರೆ ಜಗಲಿಗೆ ಬಂದು ವಾರ ಕೇಳಿದವರಿಗೆ, "ನಂಗೆ ತಿಳಿಯಲ್ಲ, ಪೂಜಾರಪ್ಪನ ಕೇಳಿ" ಎನ್ನತೊಡಗಿದಳು. ಕೆಲವರು ಇವಳಿಗೆ ಸೊಕ್ಕು ಬಂತು ಎಂದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಒಬ್ಬಟ್ಟು ಮಾಡಿಕೊಂಡು ಮಧುಗಿರಿಗೆ ಹೋದಳು. ಶರಣ್ಯಾ ಗೇಟಿನ ಹತ್ತಿರ ಬಂದಳು. ಮೈ ತುಂಬಿಕೊಂಡಿತ್ತು, ಯೂನಿಫಾರ್ಮು ಅಳತೆಗೆ ಸರಿಯಾಗಿತ್ತು. ಜೊತೆಗೆ ಬಂದ ಹುಡುಗಿಯೊಬ್ಬಳು, "ಯಾರೇ ಇದು, ನಿಮ್ಮಜ್ಜೀನಾ?" ಎಂದು ಕೇಳಿದಳು. ಶರಣ್ಯಾ ಅವಳನ್ನು ಒಳಗೆ ಕಳಿಸಿ, ಗೇಟಿನ ಮರೆಗೆ ನಿಂತು ಎರಡು ಒಬ್ಬಟ್ಟು ತಿಂದಳು. ಬೇಗಬೇಗ ತಿಂದಳು.

"ಚೆನ್ನಾಗಿ ಇಕ್ತಾರೇನವ್ವ ಇಲ್ಲಿ?"

"ಹ್ಞೂಂ. ಮೂರು ಹೊತ್ತೂ ಇಕ್ತಾರೆ."

"ಮುಂದಿನ ವಾರ ಚಕ್ಲಿ ತತ್ತೀನಿ."

ಹುಡುಗಿ ಕೈ ಒರೆಸಿಕೊಂಡು ಡಬ್ಬದ ಮುಚ್ಚಳ ಹಾಕಿ ವಾಪಸ್ಸು ಕೊಟ್ಟಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಬಹಳ ದಿನ ಯೋಚಿಸಿ ಇಟ್ಟುಕೊಂಡದ್ದನ್ನು ಹೇಳುವಂತಿತ್ತು.

"ಬರ್ಬ್ಯಾಡಿ ಅಜ್ಜಿ. ಇಲ್ಲಿ ನಾನು ಏನು ಅಂತ ಯಾರಿಗೂ ಗೊತ್ತಿಲ್ಲ. ನೀವು ಬರ್ತಾ ಇದ್ರೆ ಕೇಳ್ತಾರೆ. ಕೇಳಿದ್ರೆ ನೀವು ಹೇಳ್ತೀರ."

ಇಲ್ಲವ್ವ, ಹೇಳಲ್ಲ ಎನ್ನಲು ಹನುಮಕ್ಕ ಬಾಯಿ ತೆರೆದಳು. ಆದರೆ ಆ ಮಾತನ್ನು ಒಮ್ಮೆ ಕೊಟ್ಟಾಗಿತ್ತು. ತಲೆಯಾಡಿಸಿ ಡಬ್ಬವನ್ನು ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟಾಂಡಿನ ಕಡೆ ನಡೆದಳು. ಆಮೇಲೆ ಅವಳು ಮಧುಗಿರಿಗೆ ಹೋಗಲಿಲ್ಲ.